ಬಾವನ ಗುನುಗು

ನನ್ನ ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಒಗೆದ ಹಾಸುಗಳು ಬಿಸಿ ಉರುಳೆಗಳ ನಡುವೆ ಹಾದು ಇಸ್ತ್ರಿಯಾಗಿ ಹೊರಬರುವಾಗ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ನಿಂತು ತುದಿ ಹಿಡಿದು ಮಡಚಬೇಕು. ಮೊದಮೊದಲು ಕೈ ಸುಡುತ್ತದಂತೆ, ಆಮೇಲೆ ಸುಡುವುದೇ ಗೊತ್ತಾಗುವುದಿಲ್ಲವಂತೆ. ಬಾವ ತೀರಿಕೊಂಡು ತಿಂಗಳು ತುಂಬುವ ಮೊದಲೇ ಅವಳು ಹೋಗಿ ಮತ್ತೆ ಆ ಯಂತ್ರದ ಮುಂದೆ ನಿಂತಳು.

ಅವಳು ಅತ್ತಿರಲಿಲ್ಲ. ಅದೇ ಎಲ್ಲರಿಗೂ ತಲೆನೋವಾಗಿತ್ತು. ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದು, ಏನಾದರೂ ಮಾಡಿ ಅವಳನ್ನು ಒಂದು ಸಲ ಅಳಿಸು, ಒಳಗೇ ಇಟ್ಟುಕೊಂಡರೆ ಕಾಯಿಲೆ ಬೀಳುತ್ತಾಳೆ ಎಂದಳು. ಹಾಗೆ ಹೇಳಿ ಹೊರಗೆ ಹೋಗಿ, ಎಂಥ ಗಟ್ಟಿ ಹೆಂಗಸಪ್ಪಾ ಎಂದು ಇನ್ನೊಬ್ಬರ ಹತ್ತಿರ ಮೂಗು ಮುರಿದಳು. ಅಳುವುದಕ್ಕೂ ಹಾಜರಿ ತೆಗೆದುಕೊಳ್ಳುವ ಜನ. ನನಗೆ ಮೈಯೆಲ್ಲ ಉರಿಯಿತು, ಆದರೆ ಬಂದವರಿಗೆ ಕಾಫಿ ಮಾಡಬೇಕಿತ್ತು, ಮಾಡಿದೆ.

ನಾನು ಮದುವೆ ಗಿದುವೆ ಅಂತ ಹೋದವಳಲ್ಲ. ಅವರ ಮನೆಯ ಮುಂದಿನ ಕೋಣೆಯಲ್ಲೇ ಇದ್ದೇನೆ. ಹಾಗಾಗಿ ಬಾವನನ್ನು ಅಕ್ಕನಷ್ಟೇ ದಿನ ನಾನೂ ಸಹಿಸಿಕೊಂಡಿದ್ದೇನೆ ಅನ್ನಬಹುದು. ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಅವರ ಬೀಗದ ಅಂಗಡಿ. ಒಳಗೆ ನಿಂತರೆ ತಲೆ ಮೆಟ್ಟಿಲಿಗೆ ತಾಗುತ್ತಿತ್ತು, ಅದಕ್ಕೇ ಕೂತೇ ಕೆಲಸ. ಎಲ್ಲರೂ ಯಂತ್ರದಲ್ಲಿ ಕೀಲಿ ಕೊರೆದು ಕೈತೊಳೆದುಕೊಂಡರೆ ಬಾವ ಕೊರೆದ ಮೇಲೂ ಅರ ತೆಗೆದುಕೊಂಡು ಹಲ್ಲು ಹಲ್ಲಾಗಿ ಉಜ್ಜುತ್ತಿದ್ದರು. ಉಜ್ಜುವಾಗ, ಅಂಗಡಿಯಲ್ಲಾಗಲಿ ರಾತ್ರಿ ಮನೆಗೆ ತಂದ ಕೆಲಸದಲ್ಲಾಗಲಿ, ಮೂಗಿನಲ್ಲಿ ಗುನುಗುತ್ತಿದ್ದರು. ಅದು ಯಾವ ಹಾಡೂ ಅಲ್ಲ. ಎಲ್ಲೋ ಮೇಲೆ ಹತ್ತಿ, ಇನ್ನೇನು ಇಳಿಯುತ್ತದೆ ಅನ್ನುವಾಗ ಇಳಿಯದೆ ಮತ್ತೆ ಅಲ್ಲಿಂದಲೇ ಶುರುವಾಗುವ ತಲೆಬುಡವಿಲ್ಲದ ರಾಗ. ಗುನುಗದಿದ್ದರೆ ಅವರ ಕೈ ಓಡುತ್ತಿರಲಿಲ್ಲ. ಗುನುಗುತ್ತಿದ್ದೇನೆ ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ಹೇಳಿದರೆ ಜಗಳಕ್ಕೆ ಬರುತ್ತಿದ್ದರು.

ಒಂದು ಬೆಳಿಗ್ಗೆ ಅಂಗಡಿಯ ಷಟರ್ ಎತ್ತಲು ಬಗ್ಗಿದವರು ಏಳಲಿಲ್ಲ. ಅಷ್ಟೇ.

ಆಮೇಲೆ ಬಹಳ ದಿನ ಅಕ್ಕ ನನ್ನೊಂದಿಗೆ ಉಪ್ಪು, ಗ್ಯಾಸು, ನೀರು ಇಷ್ಟರ ಬಗ್ಗೆ ಮಾತ್ರ ಮಾತಾಡಿದಳು. ಒಂದು ಮಧ್ಯಾಹ್ನ ಬಟ್ಟೆ ಮಡಚುತ್ತಿದ್ದವಳು, ತಲೆ ಎತ್ತದೆ ಹೇಳಿದಳು: “ಅವರ ಮುಖ ನೆನಪಿದೆ ಕಣೇ. ಆ ಗುನುಗು ಮಾತ್ರ ಕಿವಿಗೆ ಬರ್ತಾನೇ ಇಲ್ಲ. ಎಷ್ಟು ಎಳೆದ್ರೂ ಬರಲ್ಲ.”

ನಾನು ಗುನುಗಿ ತೋರಿಸಲು ಹೋದೆ. ನನಗೂ ಬರಲಿಲ್ಲ. ಇಷ್ಟು ವರ್ಷ ಗೋಡೆಯಾಚೆಯಿಂದ ಕೇಳಿ ಕೇಳಿ ಬೇಜಾರಾಗಿದ್ದ ರಾಗ, ಬಾಯಿ ತೆರೆದರೆ ಏನೋ ಸಿನಿಮಾ ಹಾಡು ಬಂತು. ಫೋನಿನಲ್ಲಿ ಹುಡುಕಿದೆವು. ಫೋನು ಎತ್ತಿ ಹಿಡಿದರೆ ಸಾಕು, ಬಾವ ಪಾಸ್‌ಪೋರ್ಟ್ ಫೋಟೋಗೆ ಕೂತವರಂತೆ ಬಿಗಿಯಾಗುತ್ತಿದ್ದರು. ಒಂದು ವೀಡಿಯೋದಲ್ಲೂ ಗುನುಗಿಲ್ಲ. ಆಗ ನನಗೆ ಆ ವಾದ್ಯದವರು ನೆನಪಾದರು.

ಬಾವನ ಅಂಗಡಿಯ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದು ಬ್ಯಾಂಡು ಅಭ್ಯಾಸ ಮಾಡುತ್ತಿತ್ತು. ಶಾಸ್ತ್ರೀಯವಾಗಿ ಕಲಿತ ಒಬ್ಬ ಹಾಡುಗಾರ, ಗಿಟಾರಿನ ಹುಡುಗಿ, ಹಾಡುವ ಬದಲು ಪಟಪಟ ಮಾತಾಡುತ್ತಲೇ ಹೋಗುವ ಒಬ್ಬ, ಮತ್ತೆ ಕುತ್ತಿಗೆಯಿಂದ ಹೆಡ್‌ಫೋನ್ ತೆಗೆಯದ ಒಬ್ಬ. ಇವನಿಗೆ ನಾವು ಇಟ್ಟ ಹೆಸರೇ ಹೆಡ್‌ಫೋನು. ಎಲ್ಲ ಬಗೆಯ ಸಂಗೀತ ಬೆರೆಸಿ ನಗರದ ಮೇಲೊಂದು ಆಲ್ಬಂ ಮಾಡುತ್ತಿದ್ದರು. ಬಸ್ಸಿನ ಬಾಗಿಲು, ಲಿಫ್ಟಿನ ಗಂಟೆ, ಕಟ್ಟಡ ಕೆಲಸದ ಸುತ್ತಿಗೆ, ಹೀಗೆ ಊರಿನ ಸದ್ದುಗಳನ್ನೇ ತಾಳ ಮಾಡಿಕೊಂಡು ಹಾಡು ಕಟ್ಟುವುದಂತೆ. ನಮಗೆ ತಲೆ ಚಿಟ್ಟು ಹಿಡಿಸುವ ಸದ್ದು ಇವರಿಗೆ ಹಬ್ಬ. ಬಾವ ಇದ್ದಾಗ ಒಂದು ದಿನ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಹೆಡ್‌ಫೋನು ಅಂಗಡಿಯಲ್ಲಿ ಮೈಕು ಇಟ್ಟು ಅರದ ಸದ್ದು ಹಿಡಿದಿದ್ದ. ಅರ ಇದ್ದಲ್ಲಿ ಗುನುಗು ಇರಲೇಬೇಕು.

ಹೋಗಿ, ಅವತ್ತು ಅಂಗಡಿಯಲ್ಲಿ ಹಿಡಿದ ಸದ್ದು ಇದೆಯಾ ಎಂದು ಹೆಡ್‌ಫೋನನ್ನು ಕೇಳಿದೆ. ಹಾಡು ತಯಾರಾಗಿದೆ, ಆಲ್ಬಮ್ಮಿನ ಮೊದಲ ಹಾಡೇ ಅದು, ಹೊರಗೆ ಬಿಡುವ ಮೊದಲು ಅಮ್ಮನವರನ್ನು ಕರೆದು ಕೇಳಿಸಬೇಕು ಅಂದುಕೊಂಡಿದ್ದೆವು ಎಂದ. ಅಕ್ಕನಿಗೆ ಹೇಳಿದೆ. ಭಾನುವಾರ ಅವಳು ನನಗಿಂತ ಮೊದಲು ಸೀರೆ ಉಟ್ಟು, ಚಪ್ಪಲಿ ಹಾಕಿ ಬಾಗಿಲಲ್ಲಿ ನಿಂತಿದ್ದಳು.

ಆ ಕೋಣೆಯ ಗೋಡೆಗೆಲ್ಲ ದಪ್ಪ ಸ್ಪಂಜು ಅಂಟಿಸಿದ್ದರು. ಬಾಗಿಲು ಹಾಕಿದ ಕೂಡಲೇ ನಮ್ಮ ಮಾತೇ ನಮಗೆ ದೂರದಿಂದ ಬಂದಂತಾಯಿತು. ಅಕ್ಕನನ್ನು ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದರು. ಹಾಡು ಶುರುವಾಯಿತು. ಮೊದಲು ಅರದ ಸದ್ದು, ಸರಕ್ ಸರಕ್, ಅದರ ಮೇಲೆ ಡ್ರಮ್ಮು, ಆಮೇಲೆ ಗಿಟಾರು. ಒಬ್ಬ ಆಲಾಪ ತೆಗೆದ, ಇನ್ನೊಬ್ಬ ಊರಿನ ಬಸ್ಸು, ಕ್ಯೂ, ಬಾಡಿಗೆಮನೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ನನ್ನ ಕಾಲು ತಾನಾಗಿ ತಾಳ ಹಾಕಿತು, ಹಿಡಿದು ನಿಲ್ಲಿಸಿದೆ. ಅಕ್ಕ ಬಸ್ಸಿಗೆ ಕಾಯುವವಳಂತೆ ಕೂತಿದ್ದಳು.

ಹಾಡು ಮುಗಿಯಿತು. ಎಲ್ಲರೂ ಅವಳ ಮುಖ ನೋಡಿದರು.

“ಅವರೆಲ್ಲಿ?” ಎಂದಳು.

ಅದೇ ಅಮ್ಮ, ಆ ಅರ ಅವರದೇ ಎಂದ ಹೆಡ್‌ಫೋನು. ಅವಳು ಅರ ಅಲ್ಲ, ಗುನುಗು ಎಂದಳು. ಅವನ ಮುಖ ಅರಳಿತು. ಅದನ್ನು ತೆಗೆಯಲು ಎಷ್ಟು ಪಾಡುಪಟ್ಟೆ ಎಂದು ಹೇಳತೊಡಗಿದ. ಗುನುಗು ಹಾಡಿನ ಶ್ರುತಿಗೆ ಕೂಡುತ್ತಿರಲಿಲ್ಲವಂತೆ. ಅರದ ಸದ್ದಿಗೆ ಅಂಟಿಕೊಂಡೇ ಬಂದಿತ್ತಂತೆ. ರಾತ್ರಿ ಹಗಲು ಕೂತು ಎಳೆ ಎಳೆಯಾಗಿ ಬಿಡಿಸಿ ತೆಗೆದನಂತೆ. ಈಗ ಯಾರು ಕೇಳಿದರೂ ಅಲ್ಲೊಂದು ದನಿ ಇತ್ತು ಅಂತ ಗೊತ್ತಾಗುವುದಿಲ್ಲ, ಅಷ್ಟು ಶುದ್ಧ. ಹೇಳುತ್ತಾ ಹೇಳುತ್ತಾ ಅವನಿಗೆ ತಾನು ಹೇಳುತ್ತಿರುವುದೇನೆಂದು ಹೊಳೆಯಿತು. ಮಾತು ಅರ್ಧಕ್ಕೇ ನಿಂತಿತು.

ನನಗೆ ಅವನ ಹೆಡ್‌ಫೋನ್ ಕಿತ್ತು ಕೈಗೆ ಕೊಡಬೇಕು ಅನ್ನಿಸಿತು. ಅಕ್ಕ ಕೈಚೀಲ ತೆಗೆದುಕೊಂಡು ಎದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಮೂಲ ರೆಕಾರ್ಡಿಂಗ್ ಎಲ್ಲಿ ಎಂದು ನಾನು ಜೋರಾಗಿಯೇ ಕೇಳಿದೆ. ಅದರ ಮೇಲೆ ಬೇರೆ ಬೀದಿಯ ಸದ್ದು ಹಿಡಿದಾಗಿತ್ತು.

ಆಗ ಗಿಟಾರಿನ ಹುಡುಗಿ, ಕಸ ಇರಬೇಕಲ್ಲ ಎಂದಳು. ಸದ್ದು ಶುದ್ಧ ಮಾಡುವಾಗ ತೆಗೆದದ್ದನ್ನು ಇವರು ತಕ್ಷಣ ಎಸೆಯುವುದಿಲ್ಲ. ಬೇಕಾದದ್ದೇನಾದರೂ ಜೊತೆಗೆ ಹೋಗಿದೆಯೋ ಎಂದು ಒಂದು ಸಲ ಕೇಳಿ ನೋಡಲು ಬೇರೆ ಇಡುತ್ತಾರೆ. ಅದಕ್ಕೆ ಅವರು ಇಟ್ಟುಕೊಂಡ ಹೆಸರು ಕಸ. ಹೆಡ್‌ಫೋನು ಹುಡುಕಿದ. ಇತ್ತು. ಕೇಳಲು ಅಷ್ಟು ಚೆನ್ನಾಗಿರಲ್ಲ ಅಮ್ಮ ಎಂದ. ಹಾಕಪ್ಪ ಎಂದಳು ಅಕ್ಕ.

ಬಾವ ಬಂದರು. ಡಬ್ಬಿಯೊಳಗಿಂದ ಬಂದಂಥ ದನಿ, ನಡುನಡುವೆ ಹಾರನ್ನು, ಯಾರದೋ ಕೆಮ್ಮು. ಆದರೆ ಅದೇ ರಾಗ, ಮೇಲೆ ಹತ್ತಿ ಇಳಿಯದೆ ಮತ್ತೆ ಶುರು. ಅಕ್ಕ ನಿಂತೇ ಕೇಳಿದಳು. ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು, ರಾಗದ ಜೊತೆ ಹೋಗುತ್ತಿತ್ತು. ಹೀಗೇ ಎಷ್ಟೋ ಹೊತ್ತು ಹೋಗಲಿ ಎಂದು ನಾನು ಬೇಡಿಕೊಂಡೆ.

ಆಗ ಹತ್ತಿರದಿಂದ ಒಂದು ಹೆಂಗಸಿನ ದನಿ: “ಸಾಕು ನಿಲ್ಸಿ ಆ ರಾಗಾನ. ಊಟ ಆರ್ತಿದೆ.”

ಗುನುಗು ನಿಂತಿತು. ಆಮೇಲೆ ಬರೀ ಬೀದಿ.

ಊಟದ ಡಬ್ಬಿ ಕೊಡಲು ಅವತ್ತು ಅಕ್ಕನೇ ಅಂಗಡಿಗೆ ಹೋಗಿದ್ದಳು. ಅಕ್ಕ ಇನ್ನೊಂದು ಸಲ ಹಾಕಲು ಹೇಳಿದಳು. ಮತ್ತೆ ಅದೇ, ಅಲ್ಲಿಗೇ ನಿಂತಿತು. ಅವಳು ಬಹಳ ಮೆತ್ತಗೆ, ಬಟ್ಟೆ ಅಂಗಡಿಯಲ್ಲಿ ಬೇರೆ ಬಣ್ಣ ಇದೆಯಾ ಎಂದು ಕೇಳುವ ಹಾಗೆ ಕೇಳಿದಳು: “ನನ್ನ ಮಾತನ್ನ ತೆಗೆಯೋಕಾಗುತ್ತಾ?”

“ತೆಗೀಬಹುದು ಅಮ್ಮ,” ಎಂದ ಹೆಡ್‌ಫೋನು. ಅವಳ ಮುಖ ನೋಡಲಾಗದೆ ತಲೆ ತಗ್ಗಿಸಿ ಹೇಳಿದ: “ಆದ್ರೆ ಅದಾದ್ಮೇಲೆ ಅವರು ಹಾಡಿಲ್ಲ.”

ಅಳು ಬಂದದ್ದು ನನಗೆ. ಸೆರಗು ಬಾಯಿಗೆ ಒತ್ತಿ ಹಿಡಿದೆ, ತಡೆಯಲಾಗಲಿಲ್ಲ. ಅಕ್ಕ ನನ್ನ ಬೆನ್ನ ಮೇಲೆ ಕೈ ಇಟ್ಟಳು. ಹಾಸು ಮಡಚುವ ಕೈ, ಬಿಸಿ ತಿಳಿಯದ ಕೈ.

“ಹಾಗಾದ್ರೆ ಇರಲಿ ಬಿಡಪ್ಪ,” ಎಂದಳು ಅವನಿಗೆ. “ನಾನೂ ಅಲ್ಲೇ ಇದ್ದೆ ತಾನೇ.”