ಡಾಕ್ಟರಮ್ಮನ ಮುಂದೆ ಅವ್ವನ ಸಾಕ್ಷಿ

ಯಸಳೂರಿನ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಆಗ ರೈಟರ್. ಆಳುಗಳ ಹಾಜರಿ ಬರೆಯುವುದು, ಕೆಲಸ ಹಂಚುವುದು, ಹಂಚಿದ ಕೆಲಸ ಆಯಿತೋ ಇಲ್ಲವೋ ನೋಡುವುದು, ಇವು ಮೂರೂ ನನ್ನ ಪಾಲಿನವು. ಹಾಜರಿಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಒಬ್ಬೊಬ್ಬರನ್ನೂ ಅವರದೇ ದನಿಯಲ್ಲಿ ಕರೆದು, ಅವರ ಪರವಾಗಿ ನಾನೇ ಕೆಮ್ಮಿ, ನಾನೇ ಓಗೊಟ್ಟು, ಆಳುಗಳ ಮನೆಸಾಲಿನ, ಅಂದರೆ ಇಡೀ ಲೈನಿನ, ಜನರನ್ನು ನಗಿಸುತ್ತಿದ್ದೆ. ಮೂರನೆಯ ಕೆಲಸದಲ್ಲೇ ಎಡವಟ್ಟು.

ಪಲ್ಪರ್‌ನಲ್ಲಿ ಸಿಪ್ಪೆ ಸುಲಿದ ಕಾಫಿಬೀಜವನ್ನು ತೊಟ್ಟಿಯಲ್ಲಿ ಹುಳಿಯಲು ಬಿಟ್ಟು, ಅಂಟು ಬಿಡುವ ಹೊತ್ತಿಗೆ ಸರಿಯಾಗಿ ತೊಳೆಸಬೇಕು. ತಡವಾದರೆ ಬೀಜ ನಾರುತ್ತದೆ. ಒಂದು ಬೆಳಿಗ್ಗೆ ತೊಟ್ಟಿಯ ಕಡೆಗೆಂದೇ ಹೊರಟವನು ದಾರಿಯ ಕೆಸರಲ್ಲಿ ಹೂತಿದ್ದ ಜೀಪು ತಳ್ಳಿದೆ. ಜೀಪಿನವನನ್ನು ಅಣಕಿಸಿ ತೋರಿಸಲು ಮೆಣಸು ಕೊಯ್ಯುವವರ ಬಳಿ ಹೋದೆ. ಅಲ್ಲಿ ಏಣಿ ಮುರಿದಿತ್ತು, ಬಳ್ಳಿ ಕಟ್ಟಿ ಸರಿಮಾಡಿದೆ. ತೊಟ್ಟಿ ನೆನಪಾದದ್ದು ಮಾರನೆಯ ದಿನ, ಅದೂ ಮೂಗಿನ ಮೂಲಕ. ಆ ಹಂಗಾಮಿನಲ್ಲಿ ಅದು ಎರಡನೇ ಸಲ.

ಎಸ್ಟೇಟಿನ ಸಾಹುಕಾರರು ಬೈಯಲಿಲ್ಲ. ಅದಕ್ಕೇ ಹೆದರಿಕೆಯಾಯಿತು. "ನೀನು ಬೇಕೂ ಅಂತ ಮಾಡ್ತೀಯೋ, ನಿಂಗೇನಾದ್ರೂ ಆಗೈತೋ ನಂಗಂತೂ ಗೊತ್ತಾಗ್ತಿಲ್ಲ ಮಾರಾಯ. ಯುಗಾದಿ ತನಕ ನೋಡ್ತೀನಿ. ಆಮೇಲೆ ಬೇರೆ ರೈಟರ್ ಬತ್ತಾನೆ" ಎಂದರು.

ಸಕಲೇಶಪುರದ ಡಾಕ್ಟರ ಹತ್ತಿರ ಹೋಗಿ ಮರೆವಿಗೆ ಟಾನಿಕ್ ಕೇಳಿದೆ. ಅವರ ದನಿಯಲ್ಲೇ ಕೇಳಿದ್ದರಿಂದ ಕಾಂಪೌಂಡರ್ ಬೆಚ್ಚಿಬಿದ್ದ. ಡಾಕ್ಟರು ನಕ್ಕು, ನಾಲ್ಕು ಪ್ರಶ್ನೆ ಕೇಳಿ, ಗಮನ ಒಂದೆಡೆ ನಿಲ್ಲದ ಎಡಿಎಚ್‌ಡಿ ಎಂಬುದೊಂದಿದೆ, ಮಕ್ಕಳಿಗಷ್ಟೇ ಅಂದುಕೊಳ್ಳುತ್ತಾರೆ, ದೊಡ್ಡವರಲ್ಲೂ ಉಳಿದಿರಬಹುದು ಎಂದು ಮೈಸೂರಿನ ಒಬ್ಬ ಡಾಕ್ಟರಮ್ಮನಿಗೆ ಚೀಟಿ ಬರೆದರು. ಶಾಲೆಯ ಮಾರ್ಕ್ಸ್ ಕಾರ್ಡುಗಳನ್ನು ತೆಗೆದುಕೊಂಡು, ಚಿಕ್ಕಂದಿನಿಂದ ನನ್ನನ್ನು ನೋಡಿದವರೊಬ್ಬರನ್ನೂ ಕರೆದುಕೊಂಡು ಹೋಗಬೇಕಂತೆ. ನೋಡಿದವರೆಂದರೆ ಅವ್ವ. ಬಸ್ಸಿಗೆ ಹೊರಟಾಗ ನೋಡಿದರೆ ಧಾರೆಸೀರೆ ಉಟ್ಟು ನಿಂತಿದ್ದಳು.

ತಲೆಗೆ ವೈರು ಚುಚ್ಚುತ್ತಾರೆ, ಮಿಷನ್ನಿನೊಳಗೆ ತೂರಿಸುತ್ತಾರೆ ಎಂದುಕೊಂಡಿದ್ದೆ. ಅಲ್ಲಿದ್ದದ್ದು ಒಂದು ಮೇಜು, ಮೂರು ಕುರ್ಚಿ, ಒಂದು ಕಟ್ಟು ಹಾಳೆ. ನಿದ್ದೆ ಹೇಗೆ, ಕುಡಿಯುವ ಅಭ್ಯಾಸವಿದೆಯೇ, ಮನಸ್ಸಿಗೆ ಏನಾದರೂ ಕೊರಗಿದೆಯೇ ಎಂದೆಲ್ಲ ವಿಚಾರಿಸಿದರು. "ಬೇರೆಯವರು ಮಾತು ಮುಗಿಸೋಕೆ ಮುಂಚೆ..." ಎಂದರು ಡಾಕ್ಟರಮ್ಮ. "ಛೇ, ಇಲ್ಲ ಮೇಡಂ, ನಾನು ಮಧ್ಯೆ ಬಾಯಿ ಹಾಕಲ್ಲ" ಎಂದೆ. ಅವರು ಏನೋ ಗುರುತು ಮಾಡಿಕೊಂಡರು.

"ಇದು ರಕ್ತ ಪರೀಕ್ಷೇಲಿ ಕಾಣೋದಲ್ಲ. ಥೈರಾಯ್ಡ್ ತೊಂದರೆ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ಮಾತ್ರ ರಕ್ತ ಕೊಡಿ. ಒಂದೇ ದಿನದಲ್ಲಿ ಹೇಳೋಕೂ ಆಗಲ್ಲ. ಮುಖ್ಯವಾಗಿ ಚಿಕ್ಕವರಿದ್ದಾಗಲೂ ಹೀಗೇ ಇದ್ರಾ ಅನ್ನೋದು ತಿಳೀಬೇಕು" ಎಂದು ಅವರು ಅವ್ವನ ಕಡೆ ತಿರುಗಿದರು.

ಅವ್ವ ಸೆರಗು ಸರಿಮಾಡಿಕೊಂಡಳು. "ನಮ್ಮುಡ್ಗ ಅಪ್ಪಟ ಚಿನ್ನ ಕಣ್ರಮ್ಮ. ಒಂದ್ ಸಲ ಹೇಳಿದ್ರೆ ಮುಗೀತು, ಮರೆಯೋ ಮಾತೇ ಇಲ್ಲ. ಕೂತ್ರೆ ಕೂತಂಗೇ ಇರ್ತಿದ್ದ."

ನಾನು ಕಣ್ಣುಕಣ್ಣು ಬಿಟ್ಟೆ. ಆಮೇಲೆ ಹೊಳೆಯಿತು. ನಮ್ಮ ಕಡೆ ಹೊರಗಿನವರು ಬಂದು ಹುಡುಗ ಹೇಗೆ, ಕುಡಿತಾನಾ ಎಂದು ಕೇಳಿದರೆ ಅವರು ಹೆಣ್ಣಿನ ಕಡೆಯವರೇ. ಆಗ ಮನೆಯವರು, ನೆರೆಯವರು, ಅಂಗಡಿಯವನು ಎಲ್ಲರೂ ಒಂದೇ ರಾಗ ಹಾಡಬೇಕು. ಅಂಗಡಿ ಹಿಂದೆ ಕುಡಿದು ಮಲಗಿದ್ದವನೊಬ್ಬನಿಗೆ, ಅಂಗಡಿ ಮುಂದೆಯೇ ನಿಂತು, ಎಲೆಅಡಿಕೆ ಕೂಡ ಮುಟ್ಟಲ್ಲ ಎಂದು ಸಾಕ್ಷಿ ಹೇಳಿದವನು ನಾನೇ. ಅವ್ವ ಇಲ್ಲೂ ಅದೇ ರಾಗ ಎತ್ತಿದ್ದಳು. ಮಾರ್ಕ್ಸ್ ಕಾರ್ಡುಗಳಲ್ಲೂ ಅವ್ವ ಚೆನ್ನಾಗಿರುವ ಎರಡನ್ನೇ ಆರಿಸಿ ತಂದಿದ್ದಳು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಗೀಚಿದವೆಲ್ಲ ಮನೆಯಲ್ಲೇ ಉಳಿದಿದ್ದವು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಚಿಕ್ಕಂದಿನಲ್ಲಿ ಏನೂ ತೊಂದರೆ ಇರಲಿಲ್ಲ ಅಂತಾಯ್ತು."

ಸಾಹುಕಾರರಿಗೆ ತೋರಿಸಲು ಏನೂ ಸಿಗದೆ ನನ್ನ ಕೆಲಸ ಕಣ್ಣೆದುರೇ ಜಾರುತ್ತಿತ್ತು. ಅವ್ವ ಸುಳ್ಳು ಹೇಳುತ್ತಿದ್ದಾಳೆ ಎನ್ನಲು ಬಾಯಿ ಬರಲಿಲ್ಲ. ಬಂದದ್ದು ಅವ್ವನ ದನಿ. ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತೆ. "ಲೇ ಮೂದೇವಿ! ಕರ ಕಟ್ಟಾಕು ಅಂದ್ರೆ ಎಲ್ಲೋಗ್ಬುಟ್ಟೆ? ಇರೋ ಹಾಲೆಲ್ಲ ಕುಡ್ಕಂಡು ನಿಂತೈತಲ್ಲೋ! ಉಪ್ಪು ತತ್ತಾ ಅಂತ ಎರಡ್ ಸಲ ಕಳ್ಸಿದ್ರೂ ಬರೀ ಕೈ ಬೀಸ್ಕಂಡು ಬತ್ತೀಯಾ!"

"ಎರಡಲ್ಲ, ಮೂರು ಸಲ!" ಎಂದಳು ಅವ್ವ.

ಡಾಕ್ಟರಮ್ಮ ಮೆಲ್ಲಗೆ ಪೆನ್ನು ಎತ್ತಿಕೊಂಡರು.

"ಆಮೇಲೆ ನಾನೇ ಹೋಗಿ ನೋಡಿದ್ರೆ ಅಂಗಡಿ ಜಗಲಿ ಮೇಲೆ ಮೇಷ್ಟ್ರಂಗೆ ಪಾಠ ಮಾಡ್ತಾ ಕೂತವ್ನೆ ಕಣ್ರಮ್ಮ! ಕೈಚೀಲವೇ ಇಲ್ಲ!" ಅವ್ವ ಕುರ್ಚಿಯ ತುದಿಗೆ ಬಂದಿದ್ದಳು. ಸ್ಕೂಲಿನ ಬ್ಯಾಗು ಬಸ್ಸಿನಲ್ಲೇ ಕೂತು ಹಾಸನ ನೋಡಿಕೊಂಡು ಬಂದದ್ದು, ಪರೀಕ್ಷೆಯಲ್ಲಿ ಕಿಟಕಿಯ ಕಾಗೆ ನೋಡುತ್ತ ಅರ್ಧ ಲೆಕ್ಕ ಬಿಟ್ಟದ್ದು, ಬೇರೆಬೇರೆ ಚಪ್ಪಲಿ ಮೆಟ್ಟಿ ಮದುವೆಮನೆಗೆ ಹೋದದ್ದು ಒಂದೊಂದೇ ಬಂದವು. ನಾನು ಮರೆತವನ್ನೂ ಅವಳು ಮರೆತಿರಲಿಲ್ಲ.

ಆಮೇಲೆ ಅವಳ ದನಿ ಇಳಿಯಿತು. "ಹೊಡ್ದೂ ನೋಡ್ದೆ ಡಾಕ್ಟ್ರಮ್ಮ. ಅತ್ತು ಮಲಗೋನು, ಬೆಳಗ್ಗೆ ಮತ್ತೆ ಅದೇ. ಬೇಕೂ ಅಂತ ಮಾಡ್ತಾನೆ ಅನ್ಕಂಡಿದ್ದೆ. ಬೇಕೂ ಅಂತಲ್ವಾ ಹಂಗಾರೆ?"

"ಅದನ್ನೇ ನೋಡ್ತಾ ಇದೀವಿ ಅಮ್ಮ."

ಇನ್ನೆರಡು ಸಲ ಹೋದೆವು, ಕೆಂಪು ಶಾಯಿಯ ಕಾರ್ಡುಗಳ ಸಮೇತ. ರಕ್ತದಲ್ಲಿ ತೊಂದರೆಯಿರಲಿಲ್ಲ. ಕೊನೆಗೆ ಡಾಕ್ಟರಮ್ಮ, ಇದು ಎಡಿಎಚ್‌ಡಿಯೇ ಎಂದು ಕಾಗದ ಬರೆದುಕೊಟ್ಟರು. ಮಾತ್ರೆಯ ವಿಚಾರ ಮುಂದಿನ ಸಲ ಮಾತಾಡೋಣ, ಅಷ್ಟರಲ್ಲಿ ಒಂದು ಸಲಕ್ಕೆ ಒಂದೇ ಕೆಲಸ, ಗಂಟೆ ಹೊಡೆಯುವ ಗಡಿಯಾರ ಜೇಬಿನಲ್ಲಿರಲಿ ಎಂದರು.

ಯುಗಾದಿಗೆ ವಾರವಿತ್ತು. ಸಾಹುಕಾರರ ಬಂಗಲೆಯಲ್ಲಿ ಕಾಗದವನ್ನು ಡಾಕ್ಟರಮ್ಮನ ದನಿಯಲ್ಲಿ ಓದತೊಡಗಿದೆ. "ನಿನ್ ದನೀಲಿ ಓದಯ್ಯ" ಎಂದರು ಸಾಹುಕಾರರು. ತಡವರಿಸುತ್ತ ಓದಿ ಮುಗಿಸಿದೆ. ಅವರು ಕಾಗದ ಈಸಿಕೊಂಡು, ತಾವೂ ಒಮ್ಮೆ ಓದಿ ಮೇಜಿನ ಮೇಲಿಟ್ಟರು.

"ಮುಂದಿನ ಹಂಗಾಮಿಂದ ತೊಟ್ಟಿ ಪಲ್ಪರ್‌ನೋನು ನೋಡ್ಕಳ್ಲಿ. ನೀನು ಹಾಜರಿಗೆ ಬಾ."

ಕೆಲಸ ಉಳಿಯಿತು. ಮೆಟ್ಟಿಲನ್ನು ಎರಡೆರಡಾಗಿ ಹಾರಿ ಲೈನಿನ ತನಕ ಓಡಿದೆ, ಕಾಗದವನ್ನು ಅವರ ಮೇಜಿನ ಮೇಲೇ ಬಿಟ್ಟು. ಮಾರನೆಯ ಬೆಳಿಗ್ಗೆ ಹಾಜರಿಯ ಹೊತ್ತಿಗೆ ಸಾಹುಕಾರರೇ ಬಂದು ಅದನ್ನು ನನ್ನ ಜೇಬಿಗೆ ತುರುಕಿದರು.