ಮೇಲ್ ಬಂತು, ಫೈಲ್ ಎಲ್ಲಿ?

ಮೂಡಲಗಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸುಮನ್ ಕಲ್ಲೋಳಿ ಹಳೆಯ ಸೀರೆಯ ತುಂಡಿನಿಂದ ಕೀಬೋರ್ಡಿನ ಮೇಲಿನ ಹಿಟ್ಟು ಒರೆಸುತ್ತಿದ್ದಾರೆ. ಗೋಡೆಯ ಆಚೆಗೆ ಗಂಡ ರಾಚಪ್ಪನ ಗಿರಣಿ. ಅಲ್ಲಿ ಬೀಸಿದ ಜೋಳ ಗಿರಾಕಿಯ ಚೀಲಕ್ಕೆ ಹೋಗುತ್ತದೆ, ಅದರದೊಂದು ಚಿಟಿಕೆ ದಿನಾ ಇವರ ಝೆರಾಕ್ಸ್ ಅಂಗಡಿಗೆ ಬರುತ್ತದೆ. "ಮಂದಿ ಕಂಪ್ಯೂಟರಿಗೆ ಧೂಳ ಕುಂಡ್ರತೈತಿ, ನಮ್ಮದಕ್ಕ ರೊಟ್ಟಿ ಹಿಟ್ಟ ಕುಂಡ್ರತೈತ್ರಿ," ಎಂದು ನಗುತ್ತಾರೆ.

ಕುಲಗೋಡದ ಮೊದಲ ಬಸ್ಸು ಬರುವುದರೊಳಗೆ ಬಾಗಿಲು ತೆರೆದಿರಬೇಕು ಎಂಬುದು ಅವರದೇ ಹಟ. ಬೋರ್ಡಿನ ಮೇಲೆ ಝೆರಾಕ್ಸ್, ಪ್ರಿಂಟ್, ಅರ್ಜಿ ತುಂಬುವುದು ಎಂದಷ್ಟೇ ಇದೆ. ಆದರೆ ಬೆಳಿಗ್ಗೆ ಬರುವವರಲ್ಲಿ ಅರ್ಧಕ್ಕರ್ಧ ಜನರದು ಬೋರ್ಡಿನಲ್ಲಿಲ್ಲದ ತಾಪತ್ರಯ. ಮೇಲ್ ಬಂದಿದೆ, ಅದರ ಜೊತೆ ಬರಬೇಕಾದ ಫೈಲು ಬಂದಿಲ್ಲ! ಕೆಲವರಂತೂ ಬೇರೆಯವರ ಫೋನಿನಲ್ಲಿದ್ದ ಮೇಲ್‌ನ ಫೋಟೊ ಹೊಡೆದುಕೊಂಡು ಬಂದು, "ಇದರಾಗಿಂದ ಫೈಲ್ ತಗದ ಕೊಡ್ರಿ ಅಕ್ಕಾರ," ಎನ್ನುತ್ತಾರೆ. ಊಟದ ಫೋಟೊ ತೋರಿಸಿ ಬಡಿಸಿರಿ ಎಂದ ಹಾಗಾಯಿತು. ಸುಮನ್ ಮಾತ್ರ ನಗುವುದಿಲ್ಲ. ಎಲ್ಲರಿಗೂ ಒಂದೇ ಮಾತು: "ಕಳದಿಲ್ರಿ, ಎಲ್ಲೋ ಹಿಂದ ಉಳದೈತಿ. ಕುಂಡ್ರರಿ, ನೋಡೂಣು."

ಅವರ ತವರು ಹುಕ್ಕೇರಿ ತಾಲ್ಲೂಕಿನ ದಡ್ಡಿ. ಡಿಗ್ರಿ ಮುಗಿಸಿ, ಕಂಪ್ಯೂಟರ್ ಕಲಿತು, ಶಾಲೆಯೊಂದರ ಕೆಲಸಕ್ಕೆ ಅರ್ಜಿ ಕಳಿಸಿದ್ದರು. ಕರೆ ಬರಲೇ ಇಲ್ಲ. ತಿಂಗಳಾದ ಮೇಲೆ ತೆಗೆದು ನೋಡಿದರೆ ತಾವು ಕಳಿಸಿದ ಮೇಲ್‌ನಲ್ಲಿ ಅರ್ಜಿಯೇ ಇಲ್ಲ, ಲಗತ್ತಿಸುವುದನ್ನೇ ಮರೆತಿದ್ದರು. "ಆ ಕಡಿಯಿಂದ ಯಾರರ ಒಬ್ರು 'ಫೈಲ್ ಬಂದಿಲ್ಲವ್ವಾ ತಂಗಿ' ಅಂತ ಒಂದ ಸಾಲ ಬರದಿದ್ರ ಸಾಕಿತ್ರಿ," ಎನ್ನುವಾಗ ಇವತ್ತಿಗೂ ಅವರ ದನಿ ಸಣ್ಣಗಾಗುತ್ತದೆ. ಮದುವೆಯಾಗಿ ಬಂದು ಅಂಗಡಿ ತೆರೆದಾಗ ಗಂಡಸರು ಒಳಗೆ ಇಣುಕಿ, "ಮಾಲಕರ ಇಲ್ಲೇನ್ರಿ?" ಎಂದು ಕೇಳಿ ಗಿರಣಿಗೆ ಹೋಗುತ್ತಿದ್ದರು. ರಾಚಪ್ಪ ಬಂದವರನ್ನು ಹಾಗೇ ವಾಪಸು ಇಲ್ಲಿಗೇ ಅಟ್ಟುತ್ತಿದ್ದರು.

ಹೋದ ವರ್ಷ ಕಬ್ಬಿನ ಹಂಗಾಮಿನ ಒಂದು ಬೆಳಿಗ್ಗೆ ಕುಲಗೋಡದ ಯಲ್ಲವ್ವ ಐದು ವರ್ಷದ ಮಗಳ ಕೈ ಹಿಡಿದು ಬಸ್ಸಿಳಿದಳು. ಮಗಳು ಕಾಜಲ್‌ಗೆ ಹುಟ್ಟಿನಿಂದ ಕಿವಿ ಮಂದ. ಅವತ್ತು ಹತ್ತು ಗಂಟೆಗೆ ಗೋಕಾಕದಲ್ಲಿ ಕಿವಿಯ ಮಷಿನ್ ಕೊಡುವ ಶಿಬಿರ. ಬೆಳಗಾವಿಯಲ್ಲಿ ಮಾಡಿಸಿದ ಪರೀಕ್ಷೆಯ ರಿಪೋರ್ಟ್ ತೋರಿಸಿದರೆ ಮಷಿನ್, ಇಲ್ಲದಿದ್ದರೆ ಮುಂದಿನ ವರ್ಷ. ಯಲ್ಲವ್ವನ ಫೋನಿನಲ್ಲಿ ಮೇಲ್ ಇತ್ತು, ರಿಪೋರ್ಟ್ ಲಗತ್ತಿಸಿದೆ ಎಂಬ ಸಾಲೂ ಇತ್ತು, ರಿಪೋರ್ಟ್ ಮಾತ್ರ ಇರಲಿಲ್ಲ. "ನಾನ ಏನೋ ತಪ್ಪ ಒತ್ತಿ ಅಳಿಸೇನ್ರಿ ಅಕ್ಕಾರ," ಎಂದು ಆಕೆ ಅಳತೊಡಗಿದಳು.

ಸುಮನ್ ಮೊದಲು ನೋಡಿದ್ದು ಮೇಲ್ ಯಾರಿಂದ ಬಂದಿದೆ ಎಂದು. ಬಂದದ್ದು ಆಸ್ಪತ್ರೆಯಿಂದಲ್ಲ, ಯಲ್ಲವ್ವನ ಓಣಿಯ ಗಜಾನನನಿಂದ! ಫೋನ್ ಕೊಂಡಾಗ ಮಾಡಿಸಿದ ತಮ್ಮ ಮೇಲ್ ವಿಳಾಸ ಆ ಓಣಿಯಲ್ಲಿ ಯಾರಿಗೂ ನೆನಪಿಲ್ಲ. ಎಲ್ಲಿ ಕೇಳಿದರೂ ಟ್ರ್ಯಾಕ್ಟರ್ ಓಡಿಸುವ ಗಜಾನನನ ವಿಳಾಸವನ್ನೇ ಬರೆಸುತ್ತಾರೆ, ಓಣಿಗೊಂದೇ ನಳ ಇದ್ದ ಹಾಗೆ. ಎಲ್ಲರ ವಿಳಾಸವನ್ನೂ ಫೋನಿನಲ್ಲಿ ಬರೆದಿಟ್ಟುಕೊಂಡಿರುವ ಆತ, ಬಂದದ್ದನ್ನು ಆಯಾ ಮನೆಗೆ ದಾಟಿಸುತ್ತಾನೆ. ಈ ಸಲ ದಾಟಿಸುವ ಬಾಣದ ಬದಲು ಉತ್ತರ ಬರೆಯುವ ಬಾಣ ಒತ್ತಿ, ಯಲ್ಲವ್ವನ ವಿಳಾಸ ಹಾಕಿದ್ದ. ಹಾಗೆ ಮಾಡಿದರೆ ಬರಹ ಹೋಗುತ್ತದೆ, ಫೈಲು ಹೋಗುವುದಿಲ್ಲ.

ಗಜಾನನ ಕಬ್ಬು ಹೇರುವ ಗದ್ದಲದಲ್ಲಿ ಫೋನೇ ಎತ್ತಲಿಲ್ಲ. ಗೋಕಾಕದ ಬಸ್ಸು ಬಂತು, ನಿಂತಿತು, ಹೋಯಿತು. ಯಲ್ಲವ್ವ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದಳು. ಕಡೆಗೊಮ್ಮೆ ಎತ್ತಿದವನು, ಜಾಗ ತುಂಬಿತೆಂದು ಆಸ್ಪತ್ರೆಯ ಮೇಲನ್ನೇ ಅಳಿಸಿಬಿಟ್ಟೆ ಎಂದ. "ಪಾಸ್‌ವರ್ಡ್ ಹೇಳ್ತೇನಿ, ನೀವ ಹುಡಕ್ರಿ ಅಕ್ಕಾರ."

"ಅದನ್ನ ಯಾರಿಗೂ ಹೇಳಬ್ಯಾಡೋ ತಮ್ಮಾ. ಗಾಡಿ ಬಂದ್ ಮಾಡಿ ಕೆಳಗ ಇಳಿ. ಕಸದ ಡಬ್ಬಿ ಚಿತ್ರ ಐತೆಲ್ಲಾ, ಅದನ್ನ ತಗಿ. ಅಳಿಸಿದ್ದು ಒಂದ ತಿಂಗಳ ಅಲ್ಲೇ ಇರತೈತಿ. ಸಿಕ್ಕಿತಾ? ಅಲ್ಲಿಂದ ಹೊರಗ ತಗಿ. ಈಗ ಎಡಕ್ಕ ಹೊಳ್ಳಿದ ಬಾಣ ಬ್ಯಾಡ, ಬಲಕ್ಕ ಹೊಂಟದ್ದ ಒತ್ತು."

ಪ್ರಿಂಟರ್ ಗರ್ರೆಂದಿತು. ರಿಪೋರ್ಟ್ ಕೈಗೆ ಬಂತು, ಬಸ್ಸು ಇರಲಿಲ್ಲ. ರಾಚಪ್ಪ ಗಿರಣಿ ಬಂದ್ ಮಾಡಿ, ತಾಯಿ ಮಗಳನ್ನು ಬೈಕಿನ ಮೇಲೆ ಕೂರಿಸಿಕೊಂಡು, ಹಿಟ್ಟು ಮೆತ್ತಿದ ಅಂಗಿಯಲ್ಲೇ ಗೋಕಾಕಕ್ಕೆ ಹೊರಟರು.

ಗಜಾನನನಿಗೆ ಬೈಯಲಿಲ್ಲವೇ ಎಂದರೆ ಸುಮನ್ ಕೈ ಆಡಿಸುತ್ತಾರೆ. "ಯಾಕ ಬೈಬೇಕ್ರಿ? ಓಣಿ ಮಂದಿದೆಲ್ಲಾ ತನ್ನದ ಅನ್ಕೊಂಡ ಮಾಡ್ತಾನ. ಆ ಬಾಣ ಎರಡೂ ಒಂದ ನಮೂನಿ ಅದಾವು."

ಅದೇ ವಾರ ಯಲ್ಲವ್ವನಿಂದ ಮೇಲ್ ಬಂತು: ಮಷಿನ್ ಹಾಕಿದ ಕಾಜಲ್‌ಳ ಫೋಟೊ ಕಳಿಸೇನ್ರಿ. ಫೋಟೊ ಇರಲಿಲ್ಲ! ಸುಮನ್ ಒಬ್ಬರೇ ಕುಳಿತು ನಕ್ಕರು. ಆಮೇಲೆ, ತಮಗೆ ಯಾರೂ ಬರೆಯದ ಆ ಒಂದು ಸಾಲನ್ನು ಬರೆದು ಕಳಿಸಿದರು: ಫೋಟೊ ಬಂದಿಲ್ಲವ್ವಾ ತಂಗಿ.

ಮರುದಿನ ಮೊದಲ ಬಸ್ಸಿಗೆ ಯಲ್ಲವ್ವ ಮಗಳನ್ನೇ ಕರೆದುಕೊಂಡು ಬಂದಳು. ಅದನ್ನು ಹೇಳುವಾಗ ಸುಮನ್ ಒರೆಸುವ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಲ್ಲುತ್ತಾರೆ. "ಹುಡಿಗಿ ಗಿರಣಿ ಬಾಗಲದಾಗ ನಿಂತ ಹಿಟ್ಟ ಬೀಳೂದ ನೋಡಾಕತ್ತಿತ್ತು. ಇವ್ರು ಗಿರಣಿ ಬಂದ್ ಮಾಡಿದ್ರು. ನಾ ಹಿಂದಿನಿಂದ ಸಾವಕಾಶ 'ಕಾಜಲ್' ಅಂದ್ನಿ. ಹೊಳ್ಳಿ ನೋಡಿದ್ಲರಿ."