ದಸ್ತಗೀರ್ ಚಾಚಾರ ಡಾಜ್ ಕಾರಿನ ಸಪ್ಪಳ

ದೇವದುರ್ಗದಲ್ಲಿ ನಮ್ಮ ಮನೆಗೆ ಗೋಡೆ ಹಚ್ಚಿಕೊಂಡಿರುವ ಮನೆ ಗುಲಾಮ್ ದಸ್ತಗೀರ್ ಅವರದು. ನಾನು ಚಾಚಾ ಅಂತ ಕರೆಯುತ್ತೇನೆ. ಹರೆಯದಲ್ಲಿ ಅವರು ಮಾನ್ವಿಯ ಜಿನ್ನಿಂಗ್ ಮಿಲ್ಲಿನ ಮಹಾಂತಯ್ಯನವರ ಕಾರು ಓಡಿಸುತ್ತಿದ್ದರು. ಧಣಿಗಳು ಹೊಸ ಕಾರು ತಂದಾಗ ಹಳೆಯ ಡಾಜ್ ಇವರ ಪಾಲಿಗೆ ಬಂತು. ಹೆಂಡತಿ ಮಹಬೂಬೀಯ ತವರು ದೇವದುರ್ಗ. ಹಾಗಾಗಿ ಇಲ್ಲಿಗೇ ಬಂದು, ದಿನಾ ಬೆಳಿಗ್ಗೆ ಗಬ್ಬೂರಿನ ಮೇಲಿಂದ ರಾಯಚೂರಿಗೆ ಬಾಡಿಗೆ ಹೊಡೆಯತೊಡಗಿದರು. ಮುಂದೆ ಮೂವರು, ಹಿಂದೆ ಐವರು, ತೊಡೆಯ ಮೇಲಿನ ಕೂಸುಗಳು ಲೆಕ್ಕಕ್ಕಿಲ್ಲ. ಅಮೆರಿಕದವರು ಮಾಡಿದ ಆ ಕಾರಿನ ಎಂಜಿನ್ ದೊಡ್ಡದು. ಅದನ್ನು ತೊಳೆಯುವಾಗ ಚಾಚಾ ಎಮ್ಮೆಯ ಮೈ ತಿಕ್ಕಿದ ಹಾಗೆ ತಿಕ್ಕುತ್ತಾರೆ, ನಡುನಡುವೆ ಅದರ ಜೊತೆ ಮಾತಾಡುತ್ತಾರೆ.

ಎಂಬತ್ತಮೂರರಲ್ಲಿ ನನ್ನ ಮಗಳು ಹುಟ್ಟಿದಳು. ರಾತ್ರಿಯೆಲ್ಲ ಅತ್ತು ಬೆಳಗಿನ ಜಾವಕ್ಕೆ ಕಣ್ಣು ಮುಚ್ಚುವ ಕೂಸು. ಅದಕ್ಕೂ ಕೆಲವು ವರ್ಷ ಮೊದಲೇ ಡಾಜ್‌ನ ಸೈಲೆನ್ಸರ್ ತುಕ್ಕು ತಿಂದು ತೂತಾಗಿತ್ತು. ಓಣಿಯಲ್ಲಿ ಕಾರು ಚಾಲೂ ಆಯಿತೆಂದರೆ ನಮ್ಮ ಗೂಡಿನಲ್ಲಿಟ್ಟ ತಟ್ಟೆಗಳು ನಡುಗುತ್ತಿದ್ದವು, ಮಗಳು ಬೆಚ್ಚಿ ಚೀರುತ್ತಿದ್ದಳು. ತಡೆಯಲಾರದೆ ಒಂದು ದಿನ ಚಾಚಿಗೆ ಹೇಳಿದೆ.

"ಚಾಚೀ, ಕೂಸು ಆಗಷ್ಟ ಮಕ್ಕೊಂಡಿರ್ತದ್ರಿ. ಅಷ್ಟರಾಗ ನಿಮ್ಮ ಗಾಡಿ ಗುಡುಗ್ತದ."

"ನಾ ಎಷ್ಟು ವರ್ಷದಿಂದ ಹೇಳಾಕತ್ತೀನಿ ಬೇಟಾ," ಅಂದರು ಚಾಚಿ. "ನನಗಿಂತ ಮೊದಲ ಅದರ ಜೋಡೀನ ನಿಕಾ ಆಗ್ಯಾದೇನೋ ಇವರದು."

ಚಾಚಾ ಒಳಗಿನಿಂದ ಕೇಳಿಸಿಕೊಂಡರೆಂದು ಕಾಣುತ್ತದೆ. ಮಗಳಿಗೆ ಸೂಜಿ ಹಾಕಿಸಲು ರಾಯಚೂರಿಗೆ ಹೊರಟ ದಿನ, ದವಾಖಾನೆಯ ಕೆಲಸ ಮುಗಿದ ಮೇಲೆ ಅವರು ಕಾರನ್ನು ಸೀದಾ ಸ್ಟೇಷನ್ ರಸ್ತೆಯ ವಿರೂಪಣ್ಣನ ವೆಲ್ಡಿಂಗ್ ಅಂಗಡಿಗೆ ಹೊಡೆದರು. ಇಂಥ ಹಳೆಯ ಕಾರಿಗೆ ಅದರದೇ ಸಾಮಾನು ಎಲ್ಲೂ ಸಿಗುವುದಿಲ್ಲ. ಇದ್ದುದರಲ್ಲೇ ಆರಿಸಬೇಕು. ವಿರೂಪಣ್ಣ ಮೂರನ್ನು ನೆಲಕ್ಕೆ ಹಾಕಿದ.

"ಇದು ಬರೇ ಪೈಪು. ಹೊಗಿ ಸರಾಗ ಹೋಗ್ತದ, ಗಾಡಿ ಜೋರು ಎಳೀತದ. ಸಪ್ಪಳ ಮಾತ್ರ ಊರಿಗೆಲ್ಲ. ಇದು ಲಾರೀದು, ಕೊಯ್ದು ಕೂಡಿಸಬೇಕು. ಇದು ನಾ ಮಾಡಿದ್ದು. ಒಳಗ ತೂತಿನ ನಳಿಗಿ, ಮ್ಯಾಲ ಡಬ್ಬಿ, ನಡುವ ತಂತಿ ನಾರು ತುರುಕೀನಿ. ಎಳಿಯೋದು ಒಂಚೂರು ಕಮ್ಮಿ ಆಗ್ತದ. ಆದ್ರ ಬೆಕ್ಕು ಹೋದಂಗ ಹೋಗ್ತದ."

"ಎಳಿಯೋದ ಕಮ್ಮಿ ಆದ್ರ ಹ್ಯಾಂಗಪಾ?" ಎಂದರು ಚಾಚಾ. ಅವರ ಕೈ ಬರೀ ಪೈಪಿನ ಮೇಲೇ ಆಡುತ್ತಿತ್ತು.

ನನ್ನ ತೋಳಿನಲ್ಲಿ ಮಗಳಿಗೆ ನಿದ್ದೆ ಹತ್ತಿತ್ತು. ವಿರೂಪಣ್ಣ ಒಂದೊಂದನ್ನೇ ತಂತಿಯಿಂದ ಬಿಗಿದು ಎಂಜಿನ್ ಚಾಲೂ ಮಾಡಿಸಿದ. ಮೊದಲನೆಯದಕ್ಕೆ ಅವಳು ಕೈಕಾಲು ಬಡಿದು ಎದ್ದಳು. ತಟ್ಟಿ ಮಲಗಿಸಿದೆ. ಎರಡನೆಯದಕ್ಕೆ ತುಟಿ ಸೊಟ್ಟ ಮಾಡಿ ನರಳಿದಳು. ಮೂರನೆಯದಕ್ಕೆ ರೆಪ್ಪೆಯೂ ಅಲುಗಲಿಲ್ಲ. ನಾನು ತಲೆ ಎತ್ತಿ ಚಾಚಾರ ಮುಖ ನೋಡಿದೆ, ಅಷ್ಟೇ.

"ಕೂಸ ಆರಿಸ್ತು," ಎಂದು ನಕ್ಕರು ಅವರು. "ಹಾಕಪಾ ವಿರೂಪಣ್ಣ, ಅದನ್ನ ಹಾಕು."

ಅಂದಿನಿಂದ ಮಗಳು ಹೊತ್ತೇರುವವರೆಗೆ ಮಲಗಿದಳು. ನನಗೂ ನಿದ್ದೆ ಸಿಕ್ಕಿತು. ಆ ಸುಖದಲ್ಲಿ ಬೇರೇನನ್ನೂ ನೋಡಲಿಲ್ಲ.

ಮುಂದಿನ ಸೂಜಿಗೆ ಹೋಗುವಾಗ ಗಬ್ಬೂರಿನ ಬೇವಿನ ಮರದ ಕೆಳಗೆ ಕಾರು ನಿಂತಿತು. ಹಿಂದೆಲ್ಲ ಅಲ್ಲಿ ನಿಲ್ಲಲೂ ಹೊತ್ತಿರುತ್ತಿರಲಿಲ್ಲ, ಮಂದಿ ಮುತ್ತಿಕೊಳ್ಳುತ್ತಿದ್ದರು. ಆ ದಿನ ಒಬ್ಬರೂ ಇಲ್ಲ. ಚಾಚಾ ಹಾರ್ನ್ ಹೊಡೆದು ಕಾದರು, ಮತ್ತೆ ಹೊಡೆದರು, ಆಮೇಲೆ ಹೊರಟರು. ಊರ ಹೊರಗೆ ಬಸ್ಸು ನಿಲ್ಲುವಲ್ಲಿ ಬುತ್ತಿಗಂಟು ಹಿಡಿದಿದ್ದ ಹೆಣ್ಣುಮಗಳೊಬ್ಬಳು ಕೈ ಅಡ್ಡ ಮಾಡಿದಳು. ಗಂಡ ರಾಯಚೂರಿನ ದವಾಖಾನೆಯಲ್ಲಿದ್ದು, ದಿನಾ ಅವನಿಗೆ ರೊಟ್ಟಿ ಒಯ್ಯುವ ನೀಲಗಂಗಮ್ಮ. ಹತ್ತುವ ಮೊದಲೇ ಶುರುಮಾಡಿದಳು.

"ಏನೋ ಸಾಬಣ್ಣ, ಕಳ್ಳನಂಗ ಬಂದು ಕಳ್ಳನಂಗ ಹೋಗಾಕತ್ತೀಯಲ್ಲ? ಮೊದಲ ನಿನ್ನ ಗಾಡಿ ಹಳ್ಳದ ಆಚಿಂದ ಗುಡುಗ್ತಿತ್ತು. ಅದು ಕೇಳಿದ ಮ್ಯಾಲ ನಾ ಕಡೀ ರೊಟ್ಟಿ ಹಂಚಿಗಿ ಹಾಕ್ತಿದ್ದೆ. ನೀ ಗಿಡದ ತಳಗ ಬರೂದ್ರಾಗ ಬುತ್ತಿ ಕಟ್ಟಿ ನಿಂತಿರ್ತಿದ್ದೆ."

"ಹಾರ್ನ್ ಹೊಡದಿನಲ್ಲವ್ವ."

"ಹಾರ್ನ್ ಯಾವಾಂವ ಹೊಡಿಯಾಂಗಿಲ್ಲ? ಲಾರಿಯವ ಅಂದ್ಕೊಂಡೆ. ನಿನ್ನಿ ನಮ್ಮ ಮನಿಯವರು ಮಧ್ಯಾಹ್ನತನ ಬರೇ ಹೊಟ್ಟೀಲೆ ದಾರಿ ನೋಡ್ಯಾರ. ಊರಾಗ ಮಂದಿ ಏನಂತಾರ ಗೊತ್ತದೇನು? ದಸ್ತಗೀರ ಗಾಡಿ ಓಡ್ಸೋದು ಬಿಟ್ಟ ಅಂತಾರ. ಎಲ್ಲಾ ಬಸ್ಸಿಗಿ ಹತ್ಯಾರ."

ಗಬ್ಬೂರಿನಲ್ಲಿ ಯಾರೂ ರಸ್ತೆಗೆ ಬಂದು ಕಾಯುತ್ತಿರಲಿಲ್ಲ, ಸಪ್ಪಳ ಕೇಳಿ ಮನೆಯಿಂದ ಏಳುತ್ತಿದ್ದರು ಎಂಬುದು ನನಗೆ ಆಗ ತಿಳಿಯಿತು. ಚಾಚಾಗೆ ಅದು ಮೊದಲೇ ಗೊತ್ತಿದ್ದಿರಬೇಕು.

"ಗಾಡಿಗಿ ವಯಸ್ಸಾತವ್ವ, ದನಿ ಬಿದ್ದದ," ಎಂದರು ಅವರು. ಕನ್ನಡಿಯಲ್ಲಿ ನನ್ನ ಕಡೆ ನೋಡಲಿಲ್ಲ. ನನ್ನ ಕೂಸಿನ ಸಲುವಾಗಿ ಅಂತ ನಾನಾದರೂ ಹೇಳಬೇಕಿತ್ತು. ಮಗಳ ಕುಲಾವಿ ಸರಿಮಾಡುತ್ತ ಕೂತೆ.

ಮನೆ ಮುಟ್ಟಿದ ಮೇಲೆ ಬಾಯಿ ಬಂತು. "ಚಾಚಾ, ಇದನ್ನ ತಗಸ್ರಿ. ಬರೇ ಪೈಪ ಹಾಕಸ್ರಿ."

"ಕೂಸಿನ ಮಾತು ಹ್ಯಾಂಗ ಮೀರಲವ್ವ? ನಡೀತದ ಬಿಡು."

ಅವರು ಹಾಗೆಂದಾಗ ನನಗೆ ಎಷ್ಟು ಹಗುರವಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ಕೇಳುವುದು ಕೇಳಿದ್ದೇನೆ, ಅವರೇ ಬೇಡವೆಂದರು ಅಂತ ಮಗಳ ಪಕ್ಕದಲ್ಲಿ ಮಲಗಿದೆ. ಮರುದಿನವೂ ಕಾರು ಬೆಕ್ಕಿನ ಹಾಗೆ ಹೋಯಿತು. ಆದರೆ ಹೊತ್ತು ಇಳಿಯುವ ಮೊದಲೇ ವಾಪಸು ಬಂತು. ಚಾಚಾ ಬೇರೆ ಕೆಲಸವಿಲ್ಲದೆ, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತ ನಿಂತಿದ್ದರು. ಅದನ್ನು ನೋಡಿಕೊಂಡು ತಣ್ಣಗೆ ಇರಲು ಆಗಲಿಲ್ಲ. ಈ ಸಲ ಚಾಚಿಯ ಮುಂದೆಯೇ ಹೇಳಿದೆ. "ನೀವು ತಗಸದಿದ್ರ ನಾ ನಿಮ್ಮ ಗಾಡಿ ಹತ್ತಂಗಿಲ್ಲ ನೋಡ್ರಿ." ಚಾಚಿ ನನ್ನ ಕಡೆ ಸೇರಿ ಬೈದರು. ಚಾಚಾ ಹೂಂ ಅಂದರು. ಮರುದಿನ ರಾಯಚೂರಿನಿಂದ ಅವರು ಬಂದದ್ದು ಊರಿಗೆಲ್ಲ ಕೇಳಿಸಿತು.

ಬೆಳಿಗ್ಗೆ ಕಿವಿಗೊಟ್ಟು ಕಾದೆ. ಓಣಿಯಲ್ಲಿ ಸಪ್ಪಳವೇ ಇಲ್ಲ. ಮಗಳು ಮಲಗಿಯೇ ಇದ್ದಳು. ದೂರದಲ್ಲಿ, ದೊಡ್ಡ ರಸ್ತೆಯ ಕಡೆ, ಎಂಜಿನ್ ಗುಡುಗಿತು. ಮರುದಿನ ಬಾಗಿಲು ಸರಿಸಿ ನೋಡಿದೆ. ಚಾಚಾ ಒಂದು ಕೈ ಕಿಟಕಿಯೊಳಗೆ ಹಾಕಿ ಸ್ಟೇರಿಂಗ್ ಹಿಡಿದು, ಹೆಗಲು ಕೊಟ್ಟು ನೂಕುತ್ತಿದ್ದರು. ಹಿಂದೆ ಚಾಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ. ಅಷ್ಟು ಭಾರದ ಕಾರು ಓಣಿಯ ಇಳಿಜಾರಿನಲ್ಲಿ ಅಂಗುಲ ಅಂಗುಲ ಸರಿಯುತ್ತಿತ್ತು. ಇಬ್ಬರೂ ಕೆಮ್ಮನ್ನು ಸಹ ನುಂಗಿಕೊಳ್ಳುತ್ತಿದ್ದರು.

ಹೊರಗೆ ಓಡಿದೆ. "ಇಲ್ಲೇ ಚಾಲೂ ಮಾಡ್ರಿ ಚಾಚಾ. ಎದ್ರ ಏಳಲಿ, ನಾ ಎತ್ಕೋತೀನಿ."

"ಕೂಸು ಮಕ್ಕೊಂಡಾಗ ಎಬ್ಬಸಬಾರದವ್ವ," ಎಂದು ಪಿಸುಗುಟ್ಟಿ ಮತ್ತೆ ಹೆಗಲು ಕೊಟ್ಟರು. ಚಾಚಿ ನನ್ನನ್ನು ನೋಡಿ ನಗಲು ಹೋದರು, ಉಸಿರು ಸಾಲಲಿಲ್ಲ.

ಇದಕ್ಕೆ ಮಾತು ಆಗಿಬರುವುದಿಲ್ಲವೆಂದು ಗೊತ್ತಾಯಿತು. ಮಾರನೆಯ ದಿನ ಅವರ ಬಾಗಿಲ ಚಿಲಕ ಸರಿದದ್ದು ಕೇಳಿದ ಕೂಡಲೆ, ಗಾಢ ನಿದ್ದೆಯಲ್ಲಿದ್ದ ಮಗಳನ್ನು ಎತ್ತಿಕೊಂಡೆ. ಅಳು ಬರುವ ಮೊದಲು ಹೆಗಲಿಗೆ ಒತ್ತಿಕೊಂಡು, ಒದ್ದೆ ಕೈಯಿಂದ ಅವಳ ಮುಖ ಒರೆಸಿ, ಹೊಸ್ತಿಲಲ್ಲಿ ಬಂದು ನಿಂತೆ. ಪಾಪ, ಕಣ್ಣು ಬಿಡಲಾರದೆ ತಲೆ ಓಲಾಡಿಸುತ್ತಿದ್ದಳು.

ಚಾಚಾ ಕಾರಿಗೆ ಹೆಗಲು ಕೊಡಲಿದ್ದವರು ನಿಂತರು.

"ಎದ್ದಾಳೇನವ್ವ?"

"ಎದ್ದು ಭಾಳ ಹೊತ್ತಾತ್ರಿ," ಎಂದೆ. "ಇಲ್ಲೇ ಚಾಲೂ ಮಾಡ್ರಿ ನೀವು."